ಕೆಸರಲ್ಲಿ ಬಿದ್ದ ಕ್ಯಾಪ್ಟನ್

ಪ್ರಶ್ನೆ: ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಅನ್ನೋ ಬಾಹ್ಯಾಕಾಶ ಹಡಗಿನ ಕಥೆಯ ಇಂಗ್ಲಿಷ್ ಸೀರಿಯಲ್ ಈಗ ನೋಡುತ್ತಿದ್ದೇನೆ. ನಾಲ್ಕನೇ ಸೀಸನ್ನಿನ ‘ಫ್ಯಾಮಿಲಿ’ ಎಪಿಸೋಡನ್ನು ಎಲ್ಲರೂ ಹೊಗಳುತ್ತಾರೆ. ನನಗೋ ಬೋರು. ಯುದ್ಧ ಇಲ್ಲ, ಏನಿಲ್ಲ. ಕ್ಯಾಪ್ಟನ್ ಊರಿಗೆ ಹೋಗುತ್ತಾನೆ, ಅಣ್ಣನ ಜೊತೆ ಜಗಳ ಆಡುತ್ತಾನೆ, ಅಳುತ್ತಾನೆ, ವಾಪಸ್ ಬರುತ್ತಾನೆ. ಪಾತ್ರ ಬೆಳೆದಿದ್ದು ಎಲ್ಲಿ?
– ಓದುಗರು, ಸಕಲೇಶಪುರ

ಉತ್ತರ: ಸಕಲೇಶಪುರದಲ್ಲಿ ಕೂತು ಈ ಪ್ರಶ್ನೆ ಕೇಳುತ್ತಿದ್ದೀರಲ್ಲ! ನಮ್ಮ ಕಡೆ ಮನೆಗೊಂದು ಇದೇ ಕಥೆ ಇದೆ. ಒಬ್ಬ ತೋಟದಲ್ಲಿ ಉಳಿಯುತ್ತಾನೆ, ಇನ್ನೊಬ್ಬ ಹೊರಗೆ ಹೋಗಿ ದೊಡ್ಡವನಾಗುತ್ತಾನೆ. ಇಲ್ಲಿ ಕಾಫಿ, ಅಲ್ಲಿ ಫ್ರಾನ್ಸಿನ ದ್ರಾಕ್ಷಿ, ಅಷ್ಟೇ.

ಇದಕ್ಕೂ ಮೊದಲಿನ ಎರಡು ಭಾಗದ ಕಥೆ ನೆನಪಿಸಿಕೊಳ್ಳಿ. ಅರ್ಧ ಜೀವಿ, ಅರ್ಧ ಯಂತ್ರವಾದ ಶತ್ರುಗಳು ಬೋರ್ಗ್‌ಗಳು. ಅವರು ಕ್ಯಾಪ್ಟನ್ ಪಿಕಾರ್ಡ್‌ನನ್ನು ಹಿಡಿದು, ಮೈಗೆ ಯಂತ್ರ ಜೋಡಿಸಿ, ಅವನ ತಲೆಯಲ್ಲಿದ್ದದ್ದನ್ನೇ ಬಳಸಿ ಅವನ ಕಡೆಯವರ 39 ಹಡಗು ನಾಶ ಮಾಡಿದ್ದರು. ಆ ಕಾಲದ ಸೀರಿಯಲ್‌ಗಳಲ್ಲಿ ಇಂಥದ್ದೆಲ್ಲ ಮುಂದಿನ ವಾರ ಮರೆತೇ ಹೋಗುತ್ತಿತ್ತು. 1990ರ ಅಕ್ಟೋಬರ್‌ನಲ್ಲಿ ಬಂದ ಈ ಎಪಿಸೋಡ್ ಮರೆಯಲಿಲ್ಲ. ಹಡಗಿನ ಬ್ರಿಜ್‌ನ, ಅಂದರೆ ಕ್ಯಾಪ್ಟನ್ ಕೂತು ಹಡಗು ನಡೆಸುವ ಕೋಣೆಯ, ಒಂದೇ ಒಂದು ದೃಶ್ಯ ಕೂಡ ಇದರಲ್ಲಿಲ್ಲ, ಗಮನಿಸಿದಿರಾ? ಕ್ಯಾಪ್ಟನ್ ಕುರ್ಚಿಯನ್ನೇ ಕಿತ್ತುಕೊಂಡು ಅವನನ್ನು ಊರಿಗೆ ಕಳಿಸಿದ್ದಾರೆ.

ಊರಲ್ಲಿ ಹಳೇ ಗೆಳೆಯನೊಬ್ಬ ಸಮುದ್ರದಡಿಯ ಕೆಲಸವೊಂದರ ಆಸೆ ತೋರಿಸುತ್ತಾನೆ. ನಕ್ಷತ್ರ ಬಿಟ್ಟರೆ ಬೇರೇನೂ ಬೇಡ ಎನ್ನುತ್ತಿದ್ದವನು ಅದಕ್ಕೂ ಮನಸ್ಸು ಮಾಡುತ್ತಾನೆ ಅಂದರೆ ಎಷ್ಟು ಹೆದರಿದ್ದಾನೆ ನೋಡಿ. ಹೆದರಿದ್ದೇನೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಅದೇ ಸೊಗಸು.

ಆಮೇಲೆ ಆ ತೋಟದ ಜಗಳ. ಅಣ್ಣ ರಾಬರ್ಟ್ ಬೇಕಂತಲೇ ಕೆಣಕುತ್ತಾನೆ, ಇವನು ಹೊಡೆಯುತ್ತಾನೆ, ಇಬ್ಬರೂ ಕೆಸರಲ್ಲಿ ಉರುಳಾಡುತ್ತಾರೆ. ಮೊದಲು ನಗು. ಆ ನಗುವೇ ಹೋಗ್ತಾ ಹೋಗ್ತಾ ಅಳುವಾಗುತ್ತದೆ. ತಡೆಯಬೇಕಿತ್ತು, ನನ್ನ ಕೈಲಾಗಲಿಲ್ಲ ಅಂತ ಬಿಕ್ಕುತ್ತಾನೆ. ಅಣ್ಣ ಉಪದೇಶ ಮಾಡುವುದಿಲ್ಲ. ಇದು ಬಹಳ ಕಾಲ ನಿನ್ನ ಜೊತೆಗೇ ಇರುತ್ತೆ, ಅದರ ಜೊತೆ ಬದುಕೋದು ಕಲಿ ಅನ್ನುತ್ತಾನೆ, ಅಷ್ಟೇ.

ನನ್ನದೇ ಒಂದು ಹೇಳಿಬಿಡುತ್ತೇನೆ. ಕೆಲಸ ಕಳೆದುಕೊಂಡ ವರ್ಷ ಯಾರಿಗೂ ಹೇಳದೆ ಮೂಡಿಗೆರೆಗೆ ಹೋಗಿದ್ದೆ. ಕಾಫಿ ಕೊಯ್ಲಿನ ಸಮಯ. ಕಣದಲ್ಲಿ ಕಾಫಿ ಹರವುತ್ತಿದ್ದಾಗ ಅಣ್ಣ ತಲೆ ಎತ್ತದೆ, “ಈ ಸಲ ಜಾಸ್ತಿ ದಿನ ಉಳ್ಕೊಂಡೆ, ಕೆಲಸ ಹೋಯ್ತೇನೋ ಮಾರಾಯ?” ಅಂದ. ನಾನು ಸುಮ್ನೆ ಹಣ್ಣು ಹರವುತ್ತಲೇ ಇದ್ದೆ, ಅದೇ ಜಾಗದಲ್ಲಿ, ಮತ್ತೆ ಮತ್ತೆ. ಹೆಂಡತಿಗೂ ಹೇಳದ್ದನ್ನು ಅವತ್ತು ಅವನಿಗೆ ಹೇಳಿದೆ.

ಹಾಗಾಗಿ ನನಗೆ ಈ ಕಂತಿನಲ್ಲಿ ಕಾಣುವ ಬೆಳವಣಿಗೆ ಏನೂ ದೊಡ್ಡದಲ್ಲ. ಇನ್ನೊಬ್ಬರ ಮುಂದೆ ಸೋತೆ ಅನ್ನಲು ಬಾರದವನಿಗೆ ಅದು ಒಂದು ಸಲ ಬಂತು. ಅಣ್ಣನೂ ಅಲ್ಲಾಡಿದ್ದಾನೆ, ಅದನ್ನು ಯಾರೂ ಹೇಳುವುದಿಲ್ಲ. ಮನೆಗೆ ಅಡುಗೆ ಯಂತ್ರವನ್ನೂ ಸೇರಿಸದವನು, ಕೊನೆಗೆ ಮಗ ಮರದ ಕೆಳಗೆ ಕೂತು ನಕ್ಷತ್ರ ನೋಡುತ್ತಿದ್ದರೆ ಕನಸು ಕಾಣಲಿ ಬಿಡು ಅನ್ನುತ್ತಾನೆ.

ಪ್ರಶ್ನೆ: ಹಾಗಿದ್ದರೆ 1996ರ ‘ಫಸ್ಟ್ ಕಾಂಟ್ಯಾಕ್ಟ್’ ಸಿನಿಮಾದಲ್ಲಿ ಬೋರ್ಗ್‌ಗಳ ಮೇಲಿನ ಸಿಟ್ಟಿಗೆ ಪಿಕಾರ್ಡ್ ಗಾಜು ಒಡೆಯುವಷ್ಟು ರೇಗುತ್ತಾನಲ್ಲ, ಬೆಳೆದಿದ್ದೆಲ್ಲ ನೀರುಪಾಲಾಯಿತಾ?
– ಅದೇ ಓದುಗರು

ಉತ್ತರ: ಬಹಳ ಕಾಲ ಇರುತ್ತೆ ಅಂತ ಅಣ್ಣ ಮೊದಲೇ ಹೇಳಿದ್ದನಲ್ಲ ಸ್ವಾಮಿ.