ಸವೆದ ಹೆಬ್ಬೆಟ್ಟು, ಬಾಯಿಮಾತಿನ ‘ಆಗಲ್ಲ’

ದಾವಣಗೆರೆಯ ಹತ್ತಿ ಗಿರಣಿಯೊಂದರ ನೂಲುವ ಖಾತೆಯಲ್ಲಿ ದುಡಿದು ನಿವೃತ್ತರಾದ, 74 ವರ್ಷದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು. ಭವಿಷ್ಯನಿಧಿಯಿಂದ ತಿಂಗಳಿಗೆ ಬರುತ್ತಿದ್ದ 1,640 ರೂಪಾಯಿ ಪಿಂಚಣಿ ಕಳೆದ ಡಿಸೆಂಬರಿನಿಂದ ನಿಂತಿದೆ. ಬದುಕಿದ್ದೇನೆಂದು ವರ್ಷಕ್ಕೊಮ್ಮೆ ತೋರಿಸುವ ಜೀವನ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಮೂರು ಸಲ ಹೋದರೂ ಯಂತ್ರ ಬೆರಳಚ್ಚು ಹಿಡಿಯಲಿಲ್ಲ. ‘ಈ ವರ್ಷದ್ದು ಮುಗಿಯಿತು, ಮುಂದಿನ ನವೆಂಬರಿಗೆ ಬನ್ನಿ’ ಎಂದು ಕಳಿಸಿದರು. ಜನವರಿಯಲ್ಲಿ ಒಂದು ರಾತ್ರಿ ಪತ್ನಿಗೆ ಎದೆನೋವು ಬಂದು ಖಾಸಗಿ ಆಸ್ಪತ್ರೆಗೆ ಒಯ್ದರು. ಬಿಪಿಎಲ್ ಕಾರ್ಡ್ ತೋರಿಸಿದಾಗ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲದೆ ಆಗಲ್ಲ ಎಂದರು. ಒಡವೆ ಅಡವಿಟ್ಟು 1 ಲಕ್ಷ 35 ಸಾವಿರ ಕಟ್ಟಿ, ಹೃದಯದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿಸಿದರು. “ಹೆಬ್ಬೆಟ್ಟು ಅನ್ನಿಸಿಕೊಳ್ಳಬಾರದು ಅಂತ ರಾತ್ರಿಶಾಲೆಗೆ ಹೋಗಿ ಸಹಿ ಕಲಿತೆ. ಈಗ ಸಹಿ ಬೇಡ, ಹೆಬ್ಬೆಟ್ಟೇ ಬೇಕು ಅಂತಾರೆ. ಆ ಹೆಬ್ಬೆಟ್ಟೂ ಸವೆದುಹೋಗಿದೆ. ನಾನೇನು ಕೊಡಲಿ?” ಎಂದು ಕೇಳಿದ್ದಾರೆ. ಪುಣೆಯಲ್ಲಿರುವ ಮಗಳು ಅಲ್ಲಿಂದಲೇ ಏನಾದರೂ ಮಾಡಬಹುದೇ ಎಂಬುದೂ ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಹಿರಿಯರೇ, ಪತ್ರದ ಕೊನೆಯಲ್ಲಿ, ಸಹಿಯ ಮೇಲೆ, ನೀವು ಸಣ್ಣಗೆ ಬರೆದಿರುವ ಒಂದು ಸಾಲಿನಿಂದ ಶುರು ಮಾಡುತ್ತೇವೆ: ‘ಮಾತ್ರೆ ತುಟ್ಟಿಯಾದ್ದರಿಂದ ದಿನ ಬಿಟ್ಟು ದಿನ ಕೊಡುತ್ತಿದ್ದೇವೆ.’ ದಯವಿಟ್ಟು ಇದನ್ನು ಇವತ್ತೇ ನಿಲ್ಲಿಸಿ. ಸ್ಟೆಂಟ್ ಹಾಕಿದ ಮೇಲೆ ಕೊಡುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು ತಪ್ಪಿದರೆ ಸ್ಟೆಂಟ್‌ನೊಳಗೇ ರಕ್ತ ಗಟ್ಟಿಯಾಗಿ ಮತ್ತೆ ಹೃದಯಾಘಾತ ಆಗಬಹುದು. ಮೊದಲ ಕೆಲವು ತಿಂಗಳು ಈ ಅಪಾಯ ಹೆಚ್ಚು. ಸಾಮಾನ್ಯವಾಗಿ ಎರಡು ಬಗೆಯ ಮಾತ್ರೆ ಇರುತ್ತವೆ: ಆಸ್ಪಿರಿನ್, ಜೊತೆಗೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್. ಹೃದಯಾಘಾತದ ನಂತರ ಇವೆರಡನ್ನೂ ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಚೀಟಿ ತೆಗೆದುಕೊಂಡು ಜಿಲ್ಲಾ ಆಸ್ಪತ್ರೆಯ ವೈದ್ಯರ ಬಳಿ ಹೋಗಿ, ಕೈಯಲ್ಲಿರುವ ಹಣ ಎಷ್ಟೆಂದು ಸಂಕೋಚವಿಲ್ಲದೆ ಹೇಳಿ. ಇವುಗಳಲ್ಲಿ ಯಾವುದು ಅಲ್ಲೇ ಉಚಿತವಾಗಿ ಸಿಗುತ್ತದೆ, ಯಾವುದನ್ನು ಕಡಿಮೆ ಬೆಲೆಯ ಜನೌಷಧಿ ಕೇಂದ್ರದಲ್ಲಿ ಕೊಳ್ಳಬಹುದು ಎಂದು ಕೇಳಿ. ಮಾತ್ರೆಯ ಹೆಸರು ಬದಲಾದರೆ ಗಾಬರಿ ಬೇಡ, ಒಳಗಿನ ಔಷಧಿಯ ಹೆಸರು ಮತ್ತು ಮಿಲಿಗ್ರಾಂ ಒಂದೇ ಇದ್ದರಾಯಿತು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಮಾತ್ರ ವೈದ್ಯರ ತೀರ್ಮಾನ.

ಇನ್ನು ಪಿಂಚಣಿ. ‘ಮುಂದಿನ ನವೆಂಬರಿಗೆ ಬನ್ನಿ’ ಎಂಬುದು ನಿಮ್ಮ ಮಟ್ಟಿಗೆ ತಪ್ಪು ಮಾತು. ನವೆಂಬರ್ ತಿಂಗಳ ಗಡುವು ಸರ್ಕಾರಿ ನೌಕರಿಯಿಂದ ನಿವೃತ್ತರಾದವರದು. ನಿಮ್ಮದು 1995ರ ನೌಕರರ ಪಿಂಚಣಿ ಯೋಜನೆ. ಇದರಲ್ಲಿ ಜೀವನ ಪ್ರಮಾಣಪತ್ರವನ್ನು ವರ್ಷದ ಯಾವ ದಿನ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ 12 ತಿಂಗಳು ಅದು ನಡೆಯುತ್ತದೆ. ನಿಂತ ತಿಂಗಳುಗಳ ಹಣ ಮುಳುಗಿಲ್ಲ. ಪ್ರಮಾಣಪತ್ರ ಸೇರಿದ ಮೇಲೆ ಬಾಕಿಯನ್ನೂ ಸೇರಿಸಿ ಕೊಡುತ್ತಾರೆ. ಕೌಂಟರಿನಲ್ಲಿ ಕೂತವರಿಗೆ ಎರಡು ಬಗೆಯ ಪಿಂಚಣಿದಾರರ ನಡುವಿನ ಈ ವ್ಯತ್ಯಾಸ ಗೊತ್ತಿರಬೇಕಿತ್ತು. ಗೊತ್ತಿಲ್ಲದ ತಪ್ಪಿಗೆ ದಂಡ ಕಟ್ಟುತ್ತಿರುವವರು ನೀವು ಎಂಬುದು ನಮಗೂ ನೋವಿನ ಸಂಗತಿ.

ಬೆರಳಿನ ವಿಷಯಕ್ಕೆ ಬರೋಣ. ವಯಸ್ಸಾದಂತೆ ಚರ್ಮ ತೆಳುವಾಗಿ, ಒಣಗಿ, ಬೆರಳ ತುದಿಯ ಗೆರೆಗಳು ಚಪ್ಪಟೆಯಾಗುತ್ತವೆ. ಮೂವತ್ತು ವರ್ಷ ನೂಲು ಹಿಡಿದ ಕೈಯಲ್ಲಿ ಅವು ಇನ್ನೂ ಬೇಗ ಅಳಿಸಿಹೋಗುತ್ತವೆ. ಯಂತ್ರ ಓದುವುದು ಗೆರೆಯ ಉಬ್ಬು ತಗ್ಗುಗಳನ್ನು. ಅವೇ ಇಲ್ಲದಿದ್ದರೆ ಹತ್ತು ಸಲ ಒತ್ತಿದರೂ ಅಷ್ಟೇ. ಉಗುರುಬೆಚ್ಚಗಿನ ನೀರಲ್ಲಿ ಕೈ ತೊಳೆದು ಒರೆಸಿ, ಹೆಬ್ಬೆರಳು ಬಿಟ್ಟು ಉಳಿದ ಬೆರಳುಗಳನ್ನೂ ಇಡಲು ಕೇಳಬಹುದಿತ್ತು. ಆದರೆ ಮೂರು ಸಲ ಸೋತ ಮೇಲೆ ಮತ್ತೆ ಅದೇ ಯಂತ್ರದ ಮುಂದೆ ನಿಲ್ಲಬೇಡಿ. 2021ರ ನವೆಂಬರಿನಿಂದ ಮುಖ ತೋರಿಸಿ ಪ್ರಮಾಣಪತ್ರ ಪಡೆಯುವ ದಾರಿ ಇದೆ.

ಅದಕ್ಕೆ ಬೇಕಾದದ್ದು ಒಂದು ಆಂಡ್ರಾಯ್ಡ್ ಫೋನ್, ನಿಮ್ಮ ಆಧಾರ್, ಪಿಪಿಓ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಪಿಂಚಣಿ ಬೀಳುವ ಬ್ಯಾಂಕ್ ಖಾತೆಯ ಸಂಖ್ಯೆ, ಓಟಿಪಿ ಬರುವ ಮೊಬೈಲ್. ಫೋನಿನಲ್ಲಿ ಎರಡು ಆ್ಯಪ್ ಹಾಕಬೇಕು: ಮೊದಲು ‘ಆಧಾರ್ ಫೇಸ್ ಆರ್‌ಡಿ’, ಆಮೇಲೆ ‘ಜೀವನ್ ಪ್ರಮಾಣ್’. ಮೊದಲನೆಯದು ಹಾಕಿದ ಮೇಲೂ ಪರದೆಯಲ್ಲಿ ಎಲ್ಲೂ ಕಾಣಿಸುವುದಿಲ್ಲ, ಅದು ಹಿಂದಿನಿಂದ ಕೆಲಸ ಮಾಡುವಂಥದ್ದು. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ಮತ್ತೆ ಮತ್ತೆ ಹಾಕಿ ಬೇಸತ್ತು ಕೈಬಿಡುತ್ತಾರೆ. ಆ್ಯಪ್ ತೆರೆದಾಗ ಮೊದಲು ಕೇಳುವುದು ‘ಆಪರೇಟರ್’ ವಿವರ, ಅಂದರೆ ಫೋನ್ ಹಿಡಿದು ಮಾಡಿಕೊಡುವವರ ಆಧಾರ್ ಮತ್ತು ಮುಖ. ಪಕ್ಕದ ಮನೆಯ ಹುಡುಗನೂ ಆಪರೇಟರ್ ಆಗಬಹುದು. ಅದಾದ ಮೇಲೆ ನಿಮ್ಮ ವಿವರ ತುಂಬಬೇಕು. ಹೆಸರನ್ನು ಆಧಾರ್‌ನಲ್ಲಿ ಇರುವಂತೆಯೇ, ಇನಿಷಿಯಲ್ ಹಿಂದಿದ್ದರೆ ಹಿಂದೆ, ಮುಂದಿದ್ದರೆ ಮುಂದೆ ಬರೆಸಿ. ಪಿಂಚಣಿ ಕೊಡುವ ಸಂಸ್ಥೆಯ ಜಾಗದಲ್ಲಿ ಬ್ಯಾಂಕನ್ನಲ್ಲ, ಭವಿಷ್ಯನಿಧಿ ಸಂಸ್ಥೆಯಾದ ಇಪಿಎಫ್‌ಓ ಎಂಬುದನ್ನು ಆರಿಸಬೇಕು. ನಾವು ಕಂಡಂತೆ ಹೆಚ್ಚು ಅರ್ಜಿಗಳು ಕೆಡುವುದು ಈ ಜಾಗದಲ್ಲಿ.

ಮುಖ ಹಿಡಿಯುವಾಗ ಬೆಳಕು ನಿಮ್ಮ ಮುಖದ ಮೇಲೆ ಬೀಳಬೇಕು. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ ತಿರಸ್ಕಾರವಾಗುತ್ತದೆ. ಕನ್ನಡಕ, ಟೋಪಿ, ತಲೆವಸ್ತ್ರ ತೆಗೆಯಿರಿ. ಫೋನನ್ನು ನಿಮ್ಮ ಮುಖದ ಮಟ್ಟಕ್ಕೆ ಹಿಡಿಸಿ, ಹೇಳಿದಾಗ ನಿಧಾನಕ್ಕೆ ರೆಪ್ಪೆ ಮಿಟುಕಿಸಿ. ಮುಗಿದ ಕೂಡಲೇ ‘ಪ್ರಮಾಣ್ ಐಡಿ’ ಎಂಬ ಸಂಖ್ಯೆ ಬರುತ್ತದೆ. ಅದನ್ನು ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಡಿ. ಇಲ್ಲೊಂದು ಎಚ್ಚರಿಕೆ: ಐಡಿ ಬಂತೆಂದರೆ ಪಿಎಫ್ ಕಚೇರಿ ಒಪ್ಪಿತು ಎಂದರ್ಥವಲ್ಲ. ಪಿಪಿಓ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದ್ದರೂ ಆಮೇಲೆ ತಿರಸ್ಕರಿಸುತ್ತಾರೆ. ವಾರ ಬಿಟ್ಟು ಜೀವನ್ ಪ್ರಮಾಣ್ ತಾಣದಲ್ಲಿ ಸ್ಥಿತಿ ನೋಡಿಸಿ. ತಿರಸ್ಕಾರವಾಗಿದ್ದರೆ ಸರಿಪಡಿಸಿ ಹೊಸದಾಗಿ ಮಾಡಿಸಿ.

ಫೋನ್ ಒಗ್ಗದಿದ್ದರೆ ಅಂಚೆ ಕಚೇರಿಗೆ ಹೇಳಿ ಪೋಸ್ಟ್‌ಮ್ಯಾನ್ ಅನ್ನು ಮನೆಗೆ ಕರೆಸಬಹುದು. ಬೇರೆ ಪಿಂಚಣಿದಾರರಿಗೆ ಈ ಸೇವೆಗೆ 70 ರೂಪಾಯಿ. ಭವಿಷ್ಯನಿಧಿ ಪಿಂಚಣಿದಾರರ ಶುಲ್ಕವನ್ನು ತಾನೇ ಭರಿಸುವುದಾಗಿ ಇಪಿಎಫ್‌ಓ 2025ರ ನವೆಂಬರಿನಲ್ಲಿ ಅಂಚೆ ಪೇಮೆಂಟ್ಸ್ ಬ್ಯಾಂಕಿನೊಂದಿಗೆ ಒಪ್ಪಂದ ಮಾಡಿಕೊಂಡಿದೆ.

ಮುಖವೂ ಹೊಂದದಿದ್ದರೆ? ಬೆರಳು ಸವೆದವರಿಗೆ ಕಣ್ಣಿನ ಪಾಪೆಯ ಸ್ಕ್ಯಾನ್ ಮಾಡಬೇಕು, ಅದೂ ಆಗದಿದ್ದರೆ ಕಾಗದದ ಪ್ರಮಾಣಪತ್ರ ಪಡೆಯಬೇಕು ಎಂದು ಇಪಿಎಫ್‌ಓ 2018ರಲ್ಲೇ ತಿಳಿಸಿದೆ. ಈ ಹಂತಕ್ಕೆ ಬಂದರೆ ಬಾಯಲ್ಲಿ ಕೇಳಬೇಡಿ. ನಿಮ್ಮ ಪತ್ರದುದ್ದಕ್ಕೂ ನಮಗೆ ಕಂಡ ಮುಖ್ಯ ತೊಡಕು ಇದು: ಬ್ಯಾಂಕಿನಲ್ಲೂ ಆಸ್ಪತ್ರೆಯಲ್ಲೂ ‘ಆಗಲ್ಲ’ ಎಂದದ್ದೆಲ್ಲ ಬಾಯಲ್ಲಿ. ಬಾಯಲ್ಲಿ ಹೇಳಿದ್ದರ ಮೇಲೆ ಮೇಲಿನವರಿಗೆ ದೂರು ಕೊಡಲಾಗದು, ಹೇಳಿದವರು ನಾಳೆ ಹೇಳಿಲ್ಲ ಎನ್ನಬಹುದು. ತಿರಸ್ಕರಿಸಿದ್ದೇವೆಂದು ಬರೆದು ಕೊಡಿ ಎಂದರೆ ಯಾರೂ ಕೊಡುವುದಿಲ್ಲ. ಹಾಗಾಗಿ ಬರೆಯಬೇಕಾದವರು ನೀವು. ಒಂದೇ ಪುಟ ಸಾಕು: ‘ನನ್ನ ಪಿಪಿಓ ಸಂಖ್ಯೆ ಇಂತಿಷ್ಟು. ಇಂಥ ಮೂರು ದಿನಾಂಕಗಳಂದು ಬೆರಳಚ್ಚು ಹೊಂದಲಿಲ್ಲ. ಮುಖ ಪರಿಶೀಲನೆಯೂ ಆಗಲಿಲ್ಲ. ಕಾಗದದ ಜೀವನ ಪ್ರಮಾಣಪತ್ರ ಸ್ವೀಕರಿಸಿ, ಡಿಸೆಂಬರಿನಿಂದ ಬಾಕಿ ಇರುವ ಪಿಂಚಣಿ ಬಿಡುಗಡೆ ಮಾಡಿ. ಆಗದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಿ.’ ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಪಿಪಿಓ ಮೇಲೆ ನಮೂದಾಗಿರುವ ಪಿಎಫ್ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. (ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಗಿದೆ.) ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಎಂಬ ಪಿಎಫ್ ಅಹವಾಲು ಶಿಬಿರ ನಡೆಯುತ್ತದೆ. ಈ ಕಾಗದದೊಂದಿಗೆ ಅಲ್ಲಿಗೂ ಹೋಗಬಹುದು.

ಆಸ್ಪತ್ರೆಯ ಹಣದ ವಿಷಯದಲ್ಲಿ ನಿಮ್ಮಲ್ಲಿ ಸುಳ್ಳು ಭರವಸೆ ಹುಟ್ಟಿಸಲು ಮನಸ್ಸಿಲ್ಲ. ಎಲ್ಲವೂ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಆ ಆಸ್ಪತ್ರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನೋಂದಾಯಿಸಿಕೊಂಡಿದೆಯೇ? ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಿ. ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಇದೆ. ಆದರೆ ರೋಗಿ ಕೈಯಿಂದ ಕಟ್ಟಿ ಆಮೇಲೆ ಸರ್ಕಾರದಿಂದ ಪಡೆಯುವ ವ್ಯವಸ್ಥೆ ಇದಲ್ಲ. ಆಸ್ಪತ್ರೆ ನೋಂದಣಿಯಲ್ಲಿ ಇಲ್ಲದಿದ್ದರೆ ಯೋಜನೆಯಿಂದ ಹಣ ಬರುವುದಿಲ್ಲ.

ನೋಂದಣಿಯಲ್ಲಿ ಇದ್ದರೆ ನಿಮ್ಮ ದೂರಿಗೆ ಬಲವಿದೆ. ಶಿಫಾರಸು ಪತ್ರ ಬೇಕಾಗುವುದು ಕಾದು ಮಾಡಬಹುದಾದ ಚಿಕಿತ್ಸೆಗೆ. ತುರ್ತು ಚಿಕಿತ್ಸೆಗೆ ಅದು ಬೇಡ. ಯೋಜನೆಯ ಮೂಲ ಪಟ್ಟಿಯ 1,650 ಚಿಕಿತ್ಸೆಗಳಲ್ಲಿ 169ನ್ನು ತುರ್ತು ಎಂದೇ ಬೇರೆ ಗುರುತಿಸಲಾಗಿತ್ತು. ರೋಗಿಯನ್ನು ಸೇರಿಸಿಕೊಂಡು, ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ ಅನುಮತಿ ಪಡೆಯುವುದು ಆಸ್ಪತ್ರೆಯ ಹೊಣೆ. ಈಗ ನೀವು ತೋರಿಸಿಕೊಡಬೇಕಾದದ್ದು ಆ ರಾತ್ರಿ ಅದು ತುರ್ತು ಆಗಿತ್ತು ಎಂಬುದನ್ನು. ಅದಕ್ಕೆ ಒಳ್ಳೆಯ ಸಾಕ್ಷಿ ಇಸಿಜಿ ಪಟ್ಟಿ, ಅದರ ಅಂಚಿನಲ್ಲಿ ದಿನಾಂಕವೂ ಸಮಯವೂ ಅಚ್ಚಾಗಿರುತ್ತವೆ. ಅದು ಶಾಖಕ್ಕೆ ಮೂಡುವ ಕಾಗದ, ತಿಂಗಳುಗಳಲ್ಲಿ ಮಾಸಿಹೋಗುತ್ತದೆ. ನಾಳೆಯೇ ಜೆರಾಕ್ಸ್ ಮಾಡಿಸಿ. ಹೃದಯಕ್ಕೆ ಹಾನಿಯಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆಯ ವರದಿ, ದಾಖಲಾದ ಸಮಯ ಇರುವ ಡಿಸ್ಚಾರ್ಜ್ ಸಾರಾಂಶ, ಮುಂಗಡ ಕಟ್ಟಿದ ರಸೀದಿ ಜೊತೆಗಿರಲಿ. ಇವುಗಳಲ್ಲಿ ಯಾವುದಾದರೂ ಕೈಯಲ್ಲಿ ಇಲ್ಲದಿದ್ದರೆ ಲಿಖಿತವಾಗಿ ಕೇಳಿ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು.

ಬಿಲ್ಲನ್ನೂ ಒಮ್ಮೆ ಗಮನಿಸಿ. ಸ್ಟೆಂಟ್‌ಗೆ 2017ರ ಫೆಬ್ರವರಿಯಿಂದ ಗರಿಷ್ಠ ಬೆಲೆ ನಿಗದಿಯಾಗಿದೆ. ಅದರ ಬೆಲೆ, ಬ್ರ್ಯಾಂಡ್, ತಯಾರಕರ ಹೆಸರು, ಬ್ಯಾಚ್ ಸಂಖ್ಯೆಗಳನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಬೇಕು. ‘ಪ್ಯಾಕೇಜ್’ ಎಂದು ಒಂದೇ ಸಾಲು ಬರೆದಿದ್ದರೆ ವಿವರವಾದ ಬಿಲ್ ಕೇಳುವುದು ನಿಮ್ಮ ಹಕ್ಕು.

ಇಷ್ಟನ್ನೂ ಲಗತ್ತಿಸಿ, ಕಟ್ಟಿಸಿಕೊಂಡ ಹಣ ಮರಳಿ ಕೊಡಿಸಿ ಎಂದು ಟ್ರಸ್ಟ್‌ಗೆ ಒಂದು, ಜಿಲ್ಲಾಧಿಕಾರಿಗೆ ಒಂದು ಅರ್ಜಿ ಕೊಡಿ. ಯೋಜನೆಯ ಜಿಲ್ಲಾ ಕುಂದುಕೊರತೆ ಸಮಿತಿಯೂ, ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳುವ ಜಿಲ್ಲಾ ಪ್ರಾಧಿಕಾರವೂ ಜಿಲ್ಲಾಧಿಕಾರಿಯ ನೇತೃತ್ವದಲ್ಲೇ ಇವೆ. ಮುಂದೆ ಎಂದಾದರೂ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಬಿಲ್ ಕೌಂಟರಿಗೆ ಮೊದಲು ಹೋಗಬೇಡಿ. ‘ಆರೋಗ್ಯ ಮಿತ್ರ ಎಲ್ಲಿದ್ದಾರೆ’ ಎಂದು ಕೇಳಿ. ನೋಂದಾಯಿತ ಆಸ್ಪತ್ರೆಗಳಲ್ಲಿ ಯೋಜನೆಯ ರೋಗಿಗಳಿಗೆ ನೆರವಾಗಲೆಂದೇ ಅವರನ್ನು ಇಟ್ಟಿರುತ್ತಾರೆ.

ಮಗಳ ವಿಷಯ. ಪುಣೆಯಿಂದ ಮುಖದ ಪ್ರಮಾಣಪತ್ರ ಮಾಡಲಾಗದು, ಫೋನ್ ನಿಮ್ಮೆದುರೇ ಇರಬೇಕು. ಆದರೆ ದೂರಿನ ಕೆಲಸವೆಲ್ಲ ಅಲ್ಲಿಂದಲೇ ಆಗುತ್ತದೆ. ನಿಮ್ಮ ಸೀಲು ಹಾಕಿದ ಪ್ರತಿಯ ಫೋಟೋ ಕಳಿಸಿ. ಇಪಿಎಫ್‌ಓದ ಕುಂದುಕೊರತೆ ತಾಣದಲ್ಲಿ ಪಿಪಿಓ ಸಂಖ್ಯೆ ಹಾಕಿ ಅವರು ದೂರು ದಾಖಲಿಸಲಿ. ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಎಂಬ ದೂರು ತಾಣಕ್ಕೆ ಹೋಗಲಿ. ಅಲ್ಲಿ ದೂರು ಮುಗಿಸಲು 21 ದಿನದ ಮಿತಿ ಇದೆ, ಉತ್ತರ ಸರಿಯಿಲ್ಲದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು.

ಯುಗಾದಿಗೆ ಮಗಳು ಬಂದಾಗ ಪ್ರಮಾಣಪತ್ರ ಮಾಡಿಸಿಕೊಳ್ಳುವ ಯೋಚನೆ ಇದೆ ಎಂದು ಬರೆದಿದ್ದೀರಿ. ಅಲ್ಲಿಯವರೆಗೆ ಕಾಯಬೇಡಿ, ಈ ವಾರವೇ ಪೋಸ್ಟ್‌ಮ್ಯಾನ್ ಅನ್ನು ಕರೆಸಿ. ಮುಂದಿನ ವರ್ಷಗಳಿಗೂ ಯುಗಾದಿಯನ್ನು ನಂಬಿದರೆ ತೊಂದರೆ ಆಗುತ್ತದೆ. 2026ರಲ್ಲಿ ಹಬ್ಬ ಮಾರ್ಚ್ 19ಕ್ಕೆ. ನಡುವೆ ಅಧಿಕ ಮಾಸ ಬರುವುದರಿಂದ 2027ರಲ್ಲಿ ಏಪ್ರಿಲ್ 7ಕ್ಕೆ. ಹಬ್ಬದಿಂದ ಹಬ್ಬಕ್ಕೆ ಮಾಡಿಸಿದರೆ 12 ತಿಂಗಳ ಅವಧಿ ಹಬ್ಬಕ್ಕೆ ಮೊದಲೇ ಮುಗಿದು ಪಿಂಚಣಿ ಮತ್ತೆ ನಿಂತೀತು. ಈ ವಾರ ಪ್ರಮಾಣಪತ್ರವಾದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮುಂದಿನ ವರ್ಷ ಅದಕ್ಕೆ ಹದಿನೈದು ದಿನ ಮೊದಲೇ ಮಾಡಿಸಿ.