ಬಾಲ್ಕನಿ ಇರಲಿ, ಮೊದಲು ಹಡಗಿನ ಗಡಿಯಾರ ನೋಡಿ

ಮೊದಲ ಸಲ ಕ್ರೂಸ್‌ಗೆ ಹೊರಟಿದ್ದೀರಿ. ಹೆಚ್ಚು ಹಣ ಕೊಟ್ಟು ಬಾಲ್ಕನಿ ಇರುವ ಕ್ಯಾಬಿನ್ ಹಿಡಿಯಬೇಕೇ, ಹಿಡಿದರೆ ಆ ಖರ್ಚು ಸರಿದೂಗಿಸಲು ಬಂದರುಗಳಲ್ಲಿ ಹಡಗಿನವರ ಪ್ರವಾಸ ಬಿಟ್ಟು ಸ್ವಂತವಾಗಿ ಸುತ್ತಬಹುದೇ ಎಂದು ಕೇಳಿದ್ದೀರಿ. ಇದೇ ಲೆಕ್ಕವನ್ನು ನಾನೂ ಹಾಕಿದ್ದೆ. ಹಾಕಿದ ಫಲವಾಗಿ ಕೊಜುಮೆಲ್ ದ್ವೀಪದ ಧಕ್ಕೆಯ ಮೇಲೆ ರಬ್ಬರ್ ಚಪ್ಪಲಿ, ಒದ್ದೆ ಟವೆಲ್, ಅರ್ಧ ಬಾಟಲಿ ನೀರಿನೊಂದಿಗೆ ನಿಂತು, ಹಣ ಕೊಟ್ಟು ಪಡೆದ ನನ್ನ ಬಾಲ್ಕನಿ ನನ್ನನ್ನು ಬಿಟ್ಟು ಸಮುದ್ರಕ್ಕೆ ಹೋಗುವುದನ್ನು ನೋಡಿದೆ.

ಮಯಾಮಿಯಿಂದ ಹೊರಟ ಹಡಗು, ಬೇಸಿಗೆಯ ಕಾಲ. ಅಕ್ಕ ಮತ್ತು ಭಾವ ಒಂದು ಕ್ಯಾಬಿನ್‌ನಲ್ಲಿ, ಪಕ್ಕದ್ದರಲ್ಲಿ ನಾನೊಬ್ಬನೇ. (ಕ್ಯಾಬಿನ್ ದರವನ್ನು ಇಬ್ಬರ ಲೆಕ್ಕದಲ್ಲಿ ಹಾಕುತ್ತಾರೆ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ಹಣವನ್ನೂ ನೀವೇ ಕಟ್ಟಬೇಕಾಗಬಹುದು, ಗೊತ್ತಿರಲಿ.) ಕೊನೆಯ ನಿಲುಗಡೆ ಮೆಕ್ಸಿಕೋದ ಕೊಜುಮೆಲ್. ಎದುರಿನ ಮುಖ್ಯ ಭೂಭಾಗದಲ್ಲಿ ಟುಲುಮ್ ಇದೆ, ಕಡಲಿನ ಬಂಡೆಯ ತುದಿಯಲ್ಲಿ ನಿಂತ ಮಾಯಾ ಜನರ ಕೋಟೆ ಊರು. ಹಡಗಿನವರು ಅಲ್ಲಿಗೆ ಕರೆದುಕೊಂಡು ಹೋಗಲು ಕೇಳಿದ ದರ ನೋಡಿ ನನಗೆ ಮೈ ಉರಿಯಿತು. ಅದೇ ಫೆರಿ, ಅದೇ ರಸ್ತೆ, ಅದೇ ಕಲ್ಲು, ಇವರಿಗೇಕೆ ದುಪ್ಪಟ್ಟು ಕೊಡಬೇಕು ಎಂದು ಭಾವನ ಮುಂದೆ ಭಾಷಣ ಮಾಡಿದೆ. "ಹೋಗಿ ಬಾರಪ್ಪ, ಹೊತ್ತಿನ ಮೇಲೆ ಕಣ್ಣಿರಲಿ" ಎಂದಷ್ಟೇ ಹೇಳಿ ಅವರು ಈಜುಕೊಳಕ್ಕೆ ಹೋದರು.

ಹೊತ್ತಿನ ಮೇಲೆ ಕಣ್ಣಿಟ್ಟೇ ಇದ್ದೆ. ಹಡಗು ಬಿಡುವುದು ಸಂಜೆ ಐದಕ್ಕೆ, ಎಲ್ಲರೂ ಹತ್ತಿರಬೇಕಾದದ್ದು ನಾಲ್ಕೂವರೆಗೆ. ಪ್ಲಾಯಾ ಡೆಲ್ ಕಾರ್ಮೆನ್ ಊರಿನಿಂದ ದ್ವೀಪಕ್ಕೆ ಫೆರಿ ಸುಮಾರು ಮುಕ್ಕಾಲು ಗಂಟೆ. ಮೂರು ಗಂಟೆಯ ಫೆರಿ ಹಿಡಿದರೆ ನಾಲ್ಕಕ್ಕೆ ಮೊದಲೇ ದ್ವೀಪದಲ್ಲಿರುತ್ತೇನೆ, ಅಲ್ಲಿಂದ ಧಕ್ಕೆಗೆ ಟ್ಯಾಕ್ಸಿ. ಟುಲುಮ್ ನೋಡಿದೆ, ಕೆಳಗಿನ ಕಡಲಲ್ಲಿ ಮುಳುಗೆದ್ದೆ, ಮೂರರ ಫೆರಿಯನ್ನೇ ಹಿಡಿದೆ. ಒಂದು ನಿಮಿಷವೂ ತಡ ಮಾಡಲಿಲ್ಲ.

ಫೆರಿ ನಡುನೀರಿನಲ್ಲಿದ್ದಾಗ, ಮೂರೂವರೆ ದಾಟಿತ್ತು, ಅಕ್ಕನ ಸಂದೇಶ ಬಂತು: "ಎಲ್ಲಿದ್ದೀಯ? ಮೈಕಿನಲ್ಲಿ ನಿನ್ನ ಹೆಸರು ಕೂಗುತ್ತಿದ್ದಾರೆ."

"ಇನ್ನೂ ಒಂದು ಗಂಟೆ ಇದೆಯಲ್ಲ ಅಕ್ಕ, ಇಷ್ಟು ಬೇಗ ಏಕೆ ಕೂಗುತ್ತಾರೆ?" ಎಂದು ಉತ್ತರಿಸಿದೆ.

"ಯಾವ ಊರಿನ ಒಂದು ಗಂಟೆ? ಇಲ್ಲಿ ನಾಲ್ಕೂವರೆ ಆಗಿಹೋಯಿತು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಇಲ್ಲೇ ಜಾರುತ್ತೀರಿ. ಕೊಜುಮೆಲ್ ಇರುವುದು ಕಿಂಟಾನಾ ರೂ ರಾಜ್ಯದಲ್ಲಿ. ಆ ರಾಜ್ಯ 2015ರ ಫೆಬ್ರುವರಿಯಲ್ಲಿ ತನ್ನ ಕಾಲವಲಯ ಬದಲಿಸಿಕೊಂಡಿತು. ಅಂದಿನಿಂದ ವರ್ಷವಿಡೀ ಒಂದೇ ಸಮಯ, ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ಪದ್ಧತಿ ಇಲ್ಲ. ಮಯಾಮಿಯಲ್ಲಿ ಆ ಪದ್ಧತಿ ಇದೆ. ಆದ್ದರಿಂದ ಚಳಿಗಾಲದಲ್ಲಿ ಎರಡೂ ಕಡೆ ಒಂದೇ ಗಂಟೆ, ಬೇಸಿಗೆಯಲ್ಲಿ ಕೊಜುಮೆಲ್ ಒಂದು ಗಂಟೆ ಹಿಂದೆ. ನಾನು ಈ ಪ್ರಯಾಣಕ್ಕೆ ಮೊದಲು ಅಲ್ಲಿಗೆ ಹೋಗಿದ್ದು ಚಳಿಗಾಲದಲ್ಲಿ. ಆಗ ಯಾವ ತೊಂದರೆಯೂ ಆಗಿರಲಿಲ್ಲ, ಹಾಗಾಗಿ ತಲೆಯಲ್ಲಿ ಆ ಪ್ರಶ್ನೆಯೇ ಏಳಲಿಲ್ಲ. ನಮ್ಮ ಹಡಗು ಮಾತ್ರ ಇಡೀ ಪ್ರಯಾಣದಲ್ಲಿ ಮಯಾಮಿಯ ಸಮಯವನ್ನೇ ಇಟ್ಟುಕೊಂಡಿತ್ತು.

ಇನ್ನು ಫೋನ್. ಸಮುದ್ರದಲ್ಲಿ ಅದನ್ನು ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟಿದ್ದೆ. ಇಡಲೇಬೇಕು, ಇಲ್ಲವಾದರೆ ಹಡಗಿನ ಉಪಗ್ರಹ ಜಾಲಕ್ಕೆ ಅಂಟಿಕೊಂಡು ಬಿಲ್ಲು ಬೆಳೆಸುತ್ತದೆ. ಆ ಮೋಡ್‌ನಲ್ಲಿ ಇರುವವರೆಗೆ ಫೋನಿನಲ್ಲಿದ್ದದ್ದು ಹಡಗಿನ ಸಮಯ. ದಡಕ್ಕೆ ಇಳಿದವನು ನಕಾಶೆ ನೋಡಲು ಜಾಲ ತೆರೆದೆ, ಅದು ಸದ್ದಿಲ್ಲದೆ ಒಂದು ಗಂಟೆ ಹಿಂದಕ್ಕೆ ಹೋಯಿತು. ಬೆಳಿಗ್ಗೆ ಎಂಟು ದಾಟಿದ ಮೇಲೆ ಹಡಗಿನಿಂದ ಇಳಿದವನ ಕೈಯಲ್ಲಿ ಫೋನ್ ಏಳೂಕಾಲು ತೋರಿಸುತ್ತಿತ್ತು. ನೋಡಿದೆ ಕೂಡ. ಪರವಾಗಿಲ್ಲ, ಬೇಗ ಇಳಿದಿದ್ದೇನೆ ಎಂದುಕೊಂಡೆ! ಆಮೇಲೆ ಅನುಮಾನ ಬರುವ ದಾರಿಯೇ ಇರಲಿಲ್ಲ: ಫೆರಿಯ ವೇಳಾಪಟ್ಟಿ, ವ್ಯಾನಿನ ಚಾಲಕ, ಟುಲುಮ್‌ನ ಟಿಕೆಟ್ ಕಿಟಕಿ ಎಲ್ಲವೂ ನನ್ನ ಫೋನಿಗೆ ತಾಳೆಯಾಗುತ್ತಿದ್ದವು. ಫೋನ್ ಸುಳ್ಳು ಹೇಳಲಿಲ್ಲ. ಆ ದಿನ ನನಗೆ ಬೇಕಾಗಿದ್ದ ಸಮಯ ಅದಾಗಿರಲಿಲ್ಲ, ಅಷ್ಟೇ. ಎರಡು ಹಾಳೆ ತಿರುವಿ ಹಾಕಿದ್ದ ಹಡಗಿನ ದಿನಪತ್ರಿಕೆಯಲ್ಲಿ "ಹಡಗಿನ ಸಮಯವನ್ನೇ ಪಾಲಿಸಿ" ಎಂದು ಅಚ್ಚಾಗಿತ್ತಂತೆ. ನಾನು ಊಟದ ವಿವರ ಮಾತ್ರ ಓದಿದ್ದೆ.

ಫೆರಿಯಿಂದ ಹಾರಿ ಟ್ಯಾಕ್ಸಿ ಹಿಡಿದೆ. ಫೆರಿ ನಿಲ್ಲುವುದು ಊರಿನ ನಡುವೆ, ನಮ್ಮ ಹಡಗು ಕಟ್ಟಿದ್ದು ಊರಾಚೆ ದಕ್ಷಿಣದಲ್ಲಿ. ಧಕ್ಕೆಯ ಉದ್ದಕ್ಕೂ ಓಡುತ್ತಿದ್ದಾಗ ಮೇಲಿನ ಡೆಕ್‌ಗಳಿಂದ ಚಪ್ಪಾಳೆ, ಶಿಳ್ಳೆ. ತಡವಾಗಿ ಓಡಿಬರುವವರನ್ನು ನೋಡಲೆಂದೇ ಜನ ಕಟಕಟೆಗೆ ಒರಗಿ ನಿಂತಿರುತ್ತಾರೆ, ಕೈಯಲ್ಲಿ ಫೋನ್ ಹಿಡಿದು ಚಿತ್ರೀಕರಿಸುತ್ತಾರೆ. ಏಣಿ ಒಳಗೆ ಹೋಗಿತ್ತು, ಕೊನೆಯ ಹಗ್ಗವನ್ನೂ ಬಿಚ್ಚಿದ್ದರು. ಹಡಗಿಗೂ ಧಕ್ಕೆಗೂ ನಡುವೆ ಒಂದು ಕೋಣೆಯಷ್ಟು ಅಗಲದ ನೀರು ಕಾಣಿಸುತ್ತಿತ್ತು. ಅಷ್ಟು ಅಂತರ ಬಿದ್ದ ಮೇಲೆ ಯಾವ ಕಪ್ತಾನನೂ ತಿರುಗಿ ಬರುವುದಿಲ್ಲ. ಬರಬಾರದು ಕೂಡ, ಸಾವಿರಾರು ಜನರ ಹಡಗು ಒಬ್ಬ ಬುದ್ಧಿವಂತನಿಗಾಗಿ ಏಕೆ ಕಾಯಬೇಕು?

ಅಲ್ಲಿ ಬಂದರಿನ ಏಜೆಂಟ್, ಅಂದರೆ ಹಡಗಿನವರ ಸ್ಥಳೀಯ ಪ್ರತಿನಿಧಿ, ಒಂದು ಲಕೋಟೆ ಹಿಡಿದು ನಿಂತಿದ್ದ. ನಾವು ಇಳಿಯುವಾಗ, ಹತ್ತುವಾಗ ಕಾರ್ಡ್ ತೋರಿಸುತ್ತೇವಲ್ಲ, ಯಾರು ಹಿಂತಿರುಗಿಲ್ಲ ಎಂಬುದು ಅದರಿಂದ ಅವರಿಗೆ ತಕ್ಷಣ ತಿಳಿಯುತ್ತದೆ. ಆಗ ಕ್ಯಾಬಿನ್‌ನ ತಿಜೋರಿ ತೆರೆದು ಪಾಸ್‌ಪೋರ್ಟ್ ತೆಗೆದು ಏಜೆಂಟನಿಗೆ ಒಪ್ಪಿಸುತ್ತಾರೆ. ಲಕೋಟೆಯಲ್ಲಿ ಪಾಸ್‌ಪೋರ್ಟ್ ಇತ್ತು, ಜೊತೆಗೆ ಅಕ್ಕ ಸೇರಿಸಿದ ನನ್ನ ರಕ್ತದೊತ್ತಡದ ಮಾತ್ರೆಗಳೂ ಇದ್ದವು. ಆ ರಾತ್ರಿ ಹೋಟೆಲ್, ಮರುದಿನ ಕಾಗದಪತ್ರಕ್ಕಾಗಿ ಅಲೆದಾಟ, ಮತ್ತೆ ಅದೇ ಫೆರಿ, ಕಾನ್‌ಕೂನ್ ವಿಮಾನ ನಿಲ್ದಾಣ, ಕೊನೆಯ ಗಳಿಗೆಯ ದುಬಾರಿ ಟಿಕೆಟ್. ಹಡಗಿನವರ ಪ್ರವಾಸ ಬಿಟ್ಟು ನಾನು ಉಳಿಸಿದ ಹಣದ ಎಷ್ಟೋ ಪಟ್ಟು ಹೋಯಿತು. ಹಡಗಿಗಿಂತ ಮೊದಲೇ ಮಯಾಮಿ ತಲುಪಿ ಕಾಯುತ್ತಿದ್ದವನ ಬಳಿಗೆ ಭಾವ ನನ್ನ ಪೆಟ್ಟಿಗೆ ಎಳೆದುಕೊಂಡು ಬಂದರು. "ನಿನ್ನ ಬಾಲ್ಕನಿ ಚೆನ್ನಾಗಿತ್ತಪ್ಪ" ಎಂದರು. ಎರಡು ಬಾಲ್ಕನಿಗಳ ನಡುವಿನ ತಡಿಕೆಯನ್ನು ಸಿಬ್ಬಂದಿಗೆ ಹೇಳಿ ಮೊದಲ ದಿನವೇ ತೆಗೆಸಿದ್ದೆವು. ಅಕ್ಕಪಕ್ಕದ ಕ್ಯಾಬಿನ್ ಹಿಡಿದವರು ಕೇಳಿದರೆ ಹಲವು ಹಡಗುಗಳಲ್ಲಿ ತೆಗೆದುಕೊಡುತ್ತಾರೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಬಾಲ್ಕನಿಯ ಖರ್ಚನ್ನು ಬಂದರಿನಲ್ಲಿ ಉಳಿಸಿ ತುಂಬಿಸಿಕೊಳ್ಳಲು ಹೋಗಬೇಡಿ. ಬಂದರಿನಲ್ಲಿ ನೋಡಬೇಕಾದದ್ದು ದೂರ. ಹಡಗಿನಿಂದ ನಡೆದು ಹೋಗುವಷ್ಟರಲ್ಲಿ ಊರಿದ್ದರೆ ಹಡಗಿನವರ ಪ್ರವಾಸಕ್ಕೆ ಒಂದು ಕಾಸನ್ನೂ ಕೊಡಬೇಡಿ. ಮಾಂಟೆನೆಗ್ರೋದ ಕೋಟೊರ್‌ನಲ್ಲಿ ಹಳೆಯ ಊರಿನ ಗೋಡೆ ಧಕ್ಕೆಯ ಎದುರಿಗೇ ಇದೆ. ಮಾಲ್ಟಾದ ವಲೆಟ್ಟಾದಲ್ಲಿ ಬಂದರಿನ ಬದಿಯಿಂದ ಲಿಫ್ಟ್ ಹತ್ತಿದರೆ ಊರಿನೊಳಗೇ ಇರುತ್ತೀರಿ. ಇಂಥ ಕಡೆ ಬಸ್ಸಿನಲ್ಲಿ ತುಂಬಿಸಿಕೊಂಡು ಬಾವುಟದ ಹಿಂದೆ ನಡೆಸುವವರಿಗೆ ಹಣ ಕೊಡುವುದು ದಂಡ. ಆದರೆ ಪಟ್ಟಿಯಲ್ಲಿ "ರೋಮ್" ಎಂದು ಬರೆದಿದ್ದರೆ ನೀವು ಇಳಿಯುವುದು ಚಿವಿತಾವೆಕ್ಕಿಯಾದಲ್ಲಿ. ರೋಮ್ ಅಲ್ಲಿಂದ ಸುಮಾರು 70 ಕಿಲೋಮೀಟರ್. "ಪ್ಯಾರಿಸ್" ಎಂದಿದ್ದರೆ ಬಂದರು ಲ ಆವ್ರ್, ದೂರ ಸುಮಾರು 200 ಕಿಲೋಮೀಟರ್. ಇಲ್ಲೆಲ್ಲ ಬಾಯಿ ಮುಚ್ಚಿಕೊಂಡು ಹಡಗಿನವರ ಪ್ರವಾಸವನ್ನೇ ತೆಗೆದುಕೊಳ್ಳಿ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಕಾಯಲಾಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಅವರದು. ನಡುವೆ ಫೆರಿ ಅಥವಾ ರೈಲು ಬದಲಿಸಬೇಕಾದ ಜಾಗಗಳಿಗೂ ಇದೇ ಮಾತು. ರೈಲಿನಲ್ಲಿ ಹೋಗಿ ಬಂದವರು ಬೇಕಾದಷ್ಟು ಜನ ಇದ್ದಾರೆ ಎಂದು ಯಾರಾದರೂ ವಾದಿಸಬಹುದು. ನಿಜ. ಮುಷ್ಕರದ ದಿನ ಹೋದವರನ್ನೂ ಅವರು ಒಮ್ಮೆ ಕೇಳಲಿ.

ಹಡಗು ಧಕ್ಕೆಗೆ ಬರದೆ ದೂರದಲ್ಲಿ ಲಂಗರು ಹಾಕಿ, ಚಿಕ್ಕ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುವ ಬಂದರುಗಳಿವೆ. ಗ್ರೀಸಿನ ಸ್ಯಾಂಟೊರಿನಿ ದ್ವೀಪ ಅಂಥದ್ದು. ದೋಣಿ ಇಳಿಸಿದ ಮೇಲೂ ಫಿರಾ ಊರು ನೆತ್ತಿಯ ಮೇಲಿರುತ್ತದೆ: ಕೇಬಲ್ ಕಾರ್, ಇಲ್ಲವೇ 580ಕ್ಕೂ ಹೆಚ್ಚು ಮೆಟ್ಟಿಲು. ಹಲವು ಹಡಗುಗಳು ಒಟ್ಟಿಗೆ ಬಂದ ದಿನ ಸಂಜೆ ಇಳಿಯುವವರ ಸಾಲು ಊರಿನ ಓಣಿಗಳವರೆಗೆ ಬೆಳೆದಿರುತ್ತದೆ. ಅಲ್ಲಿ ಕೊನೆಯ ದೋಣಿಯ ಸಮಯವನ್ನೇ ಹಡಗು ಬಿಡುವ ಸಮಯ ಎಂದು ತಿಳಿಯಿರಿ, ಅದಕ್ಕೂ ಎರಡು ಗಂಟೆ ಮೊದಲೇ ಸಾಲಿನಲ್ಲಿ ನಿಲ್ಲಿ. ಗಾಳಿ ಜೋರಾದರೆ ಮೊದಲು ರದ್ದಾಗುವುದೂ ಇಂಥ ಬಂದರುಗಳೇ.

ಸಮಯಕ್ಕೆ ಮದ್ದು ಸುಲಭ. ಮುಳ್ಳಿನ ಕೈಗಡಿಯಾರ ಒಂದನ್ನು ಕಟ್ಟಿಕೊಳ್ಳಿ, ಅಗ್ಗದ್ದಾದರೂ ಸಾಕು. ಮೊದಲ ದಿನ ಹಡಗಿನ ಸಮಯಕ್ಕೆ ಹೊಂದಿಸಿ, ಹಡಗಿನವರು ಬದಲಿಸಲು ಹೇಳಿದರೆ ಮಾತ್ರ ಮುಟ್ಟಿ. ಕೆಲವು ಹಡಗುಗಳು ಪ್ರತಿ ಬಂದರಿನ ಸ್ಥಳೀಯ ಸಮಯಕ್ಕೆ ತಾವೂ ಬದಲಾಗುತ್ತವೆ, ಆದ್ದರಿಂದ ಹಿಂದಿನ ಪ್ರಯಾಣದ ಅಭ್ಯಾಸವನ್ನು ನಂಬಬೇಡಿ. ಇಳಿಯುವ ಬಾಗಿಲಿನಲ್ಲಿ ಹಿಂತಿರುಗುವ ಸಮಯದ ಫಲಕ ಇಟ್ಟಿರುತ್ತಾರೆ, ಅದರ ಫೋಟೋ ತೆಗೆದುಕೊಳ್ಳಿ. ಅದರ ಪಕ್ಕದಲ್ಲೇ ಕೈಗಡಿಯಾರವನ್ನೂ ಹಿಡಿದು ತೆಗೆದರೆ ಇನ್ನೂ ಒಳ್ಳೆಯದು. ದಿನಪತ್ರಿಕೆಯಲ್ಲಿ ಬಂದರಿನ ಏಜೆಂಟನ ದೂರವಾಣಿ ಸಂಖ್ಯೆ ಇದ್ದರೆ ಅದರದ್ದೂ ಒಂದು ಫೋಟೋ ಇರಲಿ.

ಹೊರಡುವ ದಿನದ್ದೂ ಇದೇ ಕಥೆ. ಹಡಗು ಹೊರಡುವ ದಿನವೇ ವಿಮಾನದಲ್ಲಿ ಆ ಊರಿಗೆ ಬಂದಿಳಿಯುವ ಯೋಜನೆ ಹಾಕಬೇಡಿ. ಹಿಂದಿನ ದಿನವೇ ಬನ್ನಿ. ಬಾಲ್ಕನಿಗೆಂದು ಎತ್ತಿಟ್ಟ ಹಣ ಸರಿಯಾಗಿ ಬಳಕೆಯಾಗುವುದು ಆ ಒಂದು ರಾತ್ರಿಯ ಹೋಟೆಲ್‌ಗೆ.

ಇಷ್ಟು ಹೇಳಿದರೂ ನಿಮ್ಮ ಮನಸ್ಸು ಬಾಲ್ಕನಿಯಲ್ಲೇ ಇರುತ್ತದೆ, ನನಗೆ ಗೊತ್ತು. ನಾರ್ವೆಯ ಫಿಯೋರ್ಡ್‌ಗಳಿಗೋ (ಕಡಿದಾದ ಬೆಟ್ಟಗಳ ನಡುವೆ ಒಳಚಾಚಿದ ಕಿರಿದಾದ ಕಡಲು) ಅಲಾಸ್ಕಾಗೋ ಹೋಗುತ್ತಿದ್ದರೆ ತೆಗೆದುಕೊಳ್ಳಿ. ಅಲ್ಲಿ ದಡವೇ ನೋಟ, ಹಡಗು ಅದರ ಪಕ್ಕದಲ್ಲೇ ಗಂಟೆಗಟ್ಟಲೆ ಸಾಗುತ್ತದೆ, ಚಳಿಯಲ್ಲಿ ಮೇಲಿನ ಡೆಕ್‌ನಲ್ಲಿ ನಿಲ್ಲುವ ಪಾಡು ತಪ್ಪುತ್ತದೆ. ದಿನಕ್ಕೊಂದು ಬಂದರು ಇರುವ ಪ್ರಯಾಣಕ್ಕೆ ಬೇಡ. ಹಗಲೆಲ್ಲ ಹೊರಗಿರುತ್ತೀರಿ, ರಾತ್ರಿ ಹೊರಗೆ ಬರೀ ಕತ್ತಲು. ಬಾಲ್ಕನಿಗಿಂತ ಕ್ಯಾಬಿನ್ ಎಲ್ಲಿದೆ ಎಂಬುದು ಮುಖ್ಯ. ಕೆಳಗಿನ ಡೆಕ್‌ನಲ್ಲಿ, ಹಡಗಿನ ನಡುಭಾಗದಲ್ಲಿ ಓಲಾಟ ಕಡಿಮೆ. ಹಡಗಿನ ಬದಿಗಳಲ್ಲಿರುವ ಸ್ಟೆಬಿಲೈಜರ್ ರೆಕ್ಕೆಗಳು ಎಡಬಲ ವಾಲುವುದನ್ನು ತಗ್ಗಿಸುತ್ತವೆ, ಮುಂದೆ ಹಿಂದೆ ಏರಿಳಿಯುವುದನ್ನು ತಡೆಯುವುದಿಲ್ಲ. ಮೂತಿಯ ಕ್ಯಾಬಿನ್‌ಗಳಲ್ಲಿ ಹೊಟ್ಟೆ ತೊಳಸುವುದು ಅದಕ್ಕೇ. ಆಮೇಲೆ ನಕ್ಷೆ ನೋಡಿ: ನಿಮ್ಮ ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರಲಿ. ನೆತ್ತಿಯ ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಕರಕರ ಸದ್ದೇ ನಿಮ್ಮ ಅಲಾರಂ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ತಂದಿಟ್ಟುಕೊಳ್ಳಿ, ತಲೆ ತಿರುಗಲು ಶುರುವಾಗುವ ಮುನ್ನವೇ ನುಂಗಿ.

ಇನ್ನುಳಿದದ್ದು ಚಿಲ್ಲರೆ. ಪೆಟ್ಟಿಗೆಯನ್ನು ಬಂದರಿನಲ್ಲಿ ಒಪ್ಪಿಸಿದರೆ ಅದು ಕ್ಯಾಬಿನ್ ಮುಟ್ಟುವಾಗ ಸಂಜೆಯೂ ಆಗಬಹುದು, ಔಷಧಿ ಮತ್ತು ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ. ಸರ್ಜ್ ಪ್ರೊಟೆಕ್ಟರ್ ಇರುವ ವಿಸ್ತರಣಾ ತಂತಿ, ಇಸ್ತ್ರಿಪೆಟ್ಟಿಗೆ ತರಬೇಡಿ, ಕಿತ್ತಿಟ್ಟುಕೊಳ್ಳುತ್ತಾರೆ. ಕ್ಯಾಬಿನ್ ಗೋಡೆಗಳು ಸಾಮಾನ್ಯವಾಗಿ ಲೋಹದವು, ನಾಲ್ಕು ಅಯಸ್ಕಾಂತದ ಕೊಕ್ಕೆ ತಂದರೆ ಟೋಪಿ, ಚೀಲ, ಒದ್ದೆ ಬಟ್ಟೆ ಎಲ್ಲಕ್ಕೂ ಜಾಗವಾಗುತ್ತದೆ. ಊಟಕ್ಕೆ ಮುನ್ನ ಸೋಪಿನಿಂದಲೇ ಕೈ ತೊಳೆಯಿರಿ. ಹಡಗುಗಳಲ್ಲಿ ಹರಡುವ, ವಾಂತಿಭೇದಿ ತರುವ ನೊರೊವೈರಸ್‌ಗೆ ಬಾಗಿಲ ಬಳಿಯ ಸ್ಯಾನಿಟೈಜರ್ ಅಷ್ಟಾಗಿ ಜಗ್ಗುವುದಿಲ್ಲ.

ಮೊದಲ ದಿನದ ಸುರಕ್ಷತಾ ಅಭ್ಯಾಸ ತಪ್ಪಿಸಿಕೊಳ್ಳುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ. 2012ರ ಜನವರಿ 13ರ ರಾತ್ರಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಇಟಲಿಯ ಜಿಲಿಯೊ ದ್ವೀಪದ ಬಂಡೆಗೆ ಬಡಿದು 32 ಜನ ಸತ್ತರು. ಅದೇ ಸಂಜೆ ಚಿವಿತಾವೆಕ್ಕಿಯಾದಲ್ಲಿ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಅಭ್ಯಾಸ ಇನ್ನೂ ಆಗಿರಲಿಲ್ಲ. ಆಗಿನ ನಿಯಮದಂತೆ ಒಂದು ದಿನದೊಳಗೆ ಮಾಡಿದರೆ ಸಾಕಿತ್ತು. ಈಗ ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಮಾಡಿಸುತ್ತಾರೆ. ಅಪಾಯದ ಸೂಚನೆಯಾದ ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ ಕೇಳಿಸಿದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಕಾಲು ಗಂಟೆ ಕೊಟ್ಟು ಕಲಿಯಿರಿ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲ ಹೊರಗೆ ಇಡಲು ಹೇಳುತ್ತಾರೆ, ಅವು ಮತ್ತೆ ಸಿಗುವುದು ಬೆಳಿಗ್ಗೆ ದಡದಲ್ಲಿ. ಮರುದಿನ ತೊಡಲು ಒಂದು ಜೊತೆ ಬಟ್ಟೆ ಒಳಗೆ ಉಳಿಸಿಕೊಳ್ಳಿ, ಪ್ಯಾಂಟ್ ಮತ್ತು ಚಪ್ಪಲಿ ಸಮೇತ. ಪ್ರತಿ ಪ್ರಯಾಣದಲ್ಲೂ ಯಾರಾದರೂ ಒಬ್ಬರು ರಾತ್ರಿಯ ಉಡುಪಿನಲ್ಲೇ ವಲಸೆ ಅಧಿಕಾರಿಯ ಮುಂದೆ ನಿಂತಿರುತ್ತಾರೆ.