ಯಾವ ಸರ್ವರ್ ಎಂದು ಮೊದಲು ಹೇಳಿ, ಸರ್ಟಿಫಿಕೇಟ್ ಆಮೇಲೆ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಸರ್ವರ್ ಅಡ್ಮಿನ್ (ಸಂಸ್ಥೆಗಳ ಸರ್ವರ್ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ) ಕೆಲಸದ ಬಗ್ಗೆ ಬರೆಯುವ ಪ್ರಶ್ನೆಗಳು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ಯಾವ ಸರ್ಟಿಫಿಕೇಟ್ ಮಾಡಿದರೆ ಕೆಲಸ ಖಾತ್ರಿ? ಯಾವುದೂ ಖಾತ್ರಿ ಕೊಡುವುದಿಲ್ಲ. ದಯವಿಟ್ಟು ಇದನ್ನು ಮತ್ತೆ ಕೇಳಬೇಡಿ. ಉತ್ತರ ಕೊಡಬಹುದಾದ ಪ್ರಶ್ನೆಗಳನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇನೆ.

ಮೂರು ತಿಂಗಳಲ್ಲಿ ಎಂಸಿಎಸ್‌ಇ (ಮೈಕ್ರೋಸಾಫ್ಟ್), ಆರ್‌ಎಚ್‌ಸಿಇ (ರೆಡ್ ಹ್ಯಾಟ್ ಲಿನಕ್ಸ್), ಸಿಸಿಎನ್‌ಎ (ಸಿಸ್ಕೋ ನೆಟ್‌ವರ್ಕಿಂಗ್) ಮೂರೂ ಸರ್ಟಿಫಿಕೇಟ್‌ಗಳಿಗೆ ಕಲಿಸಿ ಕೆಲಸವನ್ನೂ ಕೊಡಿಸುತ್ತೇವೆ ಎನ್ನುವ ಸಂಸ್ಥೆಗೆ ಸೇರಬಹುದೇ? — ಹರಿಹರ

ಬೇಡ. ಮೈಕ್ರೋಸಾಫ್ಟ್ ಎಂಸಿಎಸ್‌ಇಯನ್ನು 2021ರ ಜನವರಿ 31ಕ್ಕೇ ನಿಲ್ಲಿಸಿದೆ. ಇಲ್ಲದ ಪರೀಕ್ಷೆಗೆ ಫೀಸು ಕಟ್ಟಿಸಿಕೊಳ್ಳುವವರು ಉಳಿದ ಎರಡನ್ನು ಹೇಗೆ ಕಲಿಸಿಯಾರು? ಯಾವ ಸಂಸ್ಥೆಗೆ ಹೋದರೂ ಲ್ಯಾಬಿನ ಯಂತ್ರಗಳಲ್ಲಿ ಯಾವ ಲಿನಕ್ಸ್ (ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್) ಇದೆ ಎಂದು ಕೇಳಿ. ಲಿನಕ್ಸ್‌ನ ಹಳೆಯ ಬಗೆ ಸೆಂಟ್‌ಓಎಸ್ 7 ಎಂದರೆ ಎದ್ದು ಬನ್ನಿ. ಅದರ ಆಯಸ್ಸು 2024ರ ಜೂನ್ 30ಕ್ಕೆ ಮುಗಿಯಿತು.

ಬಿಸಿಎ ಮುಗಿಸಿ ಒಂದು ವರ್ಷವಾಯಿತು. ಆರ್‌ಎಚ್‌ಸಿಎಸ್‌ಎ, ಎಲ್‌ಪಿಐಸಿ-1, ಲಿನಕ್ಸ್ ಪ್ಲಸ್, ಎಲ್‌ಎಫ್‌ಸಿಎಸ್ ಎಂಬ ಲಿನಕ್ಸ್ ಸರ್ಟಿಫಿಕೇಟ್‌ಗಳಲ್ಲಿ ಒಂದಕ್ಕೆ ಮಾತ್ರ ಹಣ ಹೊಂದಿಸಬಲ್ಲೆ. ಯಾವುದು? ಮನೆಯ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ, ಸಾಕೇ? — ದಾವಣಗೆರೆ

ಒಂದಕ್ಕೇ ಹಣವಿದ್ದರೆ ಆರ್‌ಎಚ್‌ಸಿಎಸ್‌ಎ, ಅಂದರೆ ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಅಡ್ಮಿನ್ ಸರ್ಟಿಫಿಕೇಟ್. ಹಾಗೆನ್ನಲು ಕಾರಣ ಪರೀಕ್ಷೆ ನಡೆಯುವ ರೀತಿ. ಎಲ್‌ಪಿಐಸಿ-1ಕ್ಕೆ ಎರಡು ಪತ್ರಿಕೆ, ಒಂದೊಂದರಲ್ಲೂ 90 ನಿಮಿಷಕ್ಕೆ 60 ಪ್ರಶ್ನೆ. ಹೆಚ್ಚಿನವು ಸರಿಯುತ್ತರ ಆರಿಸುವಂಥವು. ಲಿನಕ್ಸ್ ಪ್ಲಸ್‌ನ ಬಹುಪಾಲೂ ಹಾಗೆಯೇ. ಆರ್‌ಎಚ್‌ಸಿಎಸ್‌ಎಯಲ್ಲಿ ಆರಿಸಲು ಏನೂ ಇರುವುದಿಲ್ಲ. ಯಂತ್ರ ಕೊಡುತ್ತಾರೆ, ಕೆಲಸಗಳ ಪಟ್ಟಿ ಕೊಡುತ್ತಾರೆ, ಮೂರು ಗಂಟೆಯಲ್ಲಿ ಮಾಡಿ ಮುಗಿಸಬೇಕು. 300ಕ್ಕೆ 210 ಬಂದರೆ ಪಾಸು. ಇಂಟರ್ನೆಟ್ ಇಲ್ಲ, ಯಂತ್ರದೊಳಗಿನ ಮ್ಯಾನ್ ಪುಟಗಳೇ (ಆಜ್ಞೆಗಳ ಕೈಪಿಡಿಯೇ) ಆಸರೆ. ಎಲ್‌ಎಫ್‌ಸಿಎಸ್ ಕೂಡ ಕೈಕೆಲಸದ ಪರೀಕ್ಷೆಯೇ: ಎರಡು ಗಂಟೆ, ಶೇ 67ಕ್ಕೆ ಪಾಸು. ನೀವು ಕಣ್ಣಿಟ್ಟಿರುವ ಕಂಪನಿಯಲ್ಲಿ ಲಿನಕ್ಸ್‌ನ ಇನ್ನೊಂದು ಬಗೆಯಾದ ಉಬುಂಟು ಸರ್ವರ್‌ಗಳೇ ಇದ್ದರೆ ಅದನ್ನು ಬರೆಯಿರಿ. ಬ್ಯಾಂಕು, ಟೆಲಿಕಾಂ, ದೊಡ್ಡ ಸೇವಾ ಕಂಪನಿಗಳ ಕಡೆ ಹೋಗುವುದಾದರೆ ರೆಡ್ ಹ್ಯಾಟ್ ಹೆಸರಿಗೆ ಹೆಚ್ಚು ಬೆಲೆಯಿದೆ.

ಅಭ್ಯಾಸಕ್ಕೆ ಬೇಕಾದ ಎರಡು ವರ್ಚುವಲ್ ಯಂತ್ರಗಳಿಗೆ (ಲ್ಯಾಪ್‌ಟಾಪಿನೊಳಗೇ ಸಾಫ್ಟ್‌ವೇರ್‌ನಿಂದ ಓಡುವ ಕಂಪ್ಯೂಟರ್‌ಗಳಿಗೆ) 8 ಜಿಬಿ ಸಾಕು. ತಲಾ 2 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕ್ ಕೊಡಿ. ಒಂದಕ್ಕೆ 10 ಜಿಬಿಯ ಇನ್ನೊಂದು ಖಾಲಿ ಡಿಸ್ಕ್ ಸೇರಿಸಿ. ಪಾರ್ಟಿಶನ್, ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ, ಹಿಗ್ಗಿಸುವ ವ್ಯವಸ್ಥೆ), ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಎಲ್ಲದರ ತಾಲೀಮು ಅದರ ಮೇಲೆಯೇ. ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್, ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡದಿದ್ದರೆ ಯಂತ್ರಗಳು ಏಳುವುದೇ ಇಲ್ಲ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಇಲ್ಲವಾದರೆ ಪ್ರತಿ ರೀಬೂಟ್‌ಗೂ ಕಾದು ಕಾದು ಅಭ್ಯಾಸವೇ ಬಿಟ್ಟುಹೋಗುತ್ತದೆ. ರೆಡ್ ಹ್ಯಾಟ್‌ನ ಡೆವಲಪರ್ ಚಂದಾ ಒಬ್ಬೊಬ್ಬರಿಗೆ 16 ಯಂತ್ರಗಳವರೆಗೆ ಉಚಿತ. ಅದರಂತೆಯೇ ಇರುವ ರಾಕಿ, ಆಲ್ಮಾ ಲಿನಕ್ಸ್ ಆದರೂ ನಡೆಯುತ್ತದೆ, ಆದರೆ ಪರೀಕ್ಷೆ ಎಷ್ಟನೇ ಆವೃತ್ತಿಯದೋ ಅಷ್ಟನೆಯದನ್ನೇ ಹಾಕಿ. ಇನ್‌ಸ್ಟಾಲ್ ಮಾಡುವ ಫೈಲ್, ಅಂದರೆ ಡಿವಿಡಿ ಐಎಸ್‌ಓ, ಸುಮಾರು 10 ಜಿಬಿ ಇರುತ್ತದೆ. ಮೊಬೈಲ್ ಡೇಟಾದಲ್ಲಿ ಒದ್ದಾಡುವ ಬದಲು ಫೈಬರ್ ಇರುವ ಗೆಳೆಯರ ಮನೆಯಿಂದ ಪೆನ್‌ಡ್ರೈವ್‌ನಲ್ಲಿ ತನ್ನಿ. ಪೆನ್‌ಡ್ರೈವ್ ಎಕ್ಸ್‌ಫ್ಯಾಟ್‌ನಲ್ಲಿರಲಿ, ಫ್ಯಾಟ್ 32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಆ ಐಎಸ್‌ಓವನ್ನೇ ಮೌಂಟ್ ಮಾಡಿ, ಅದರೊಳಗಿನ ಬೇಸ್‌ಓಎಸ್, ಆಪ್‌ಸ್ಟ್ರೀಮ್ ಎರಡಕ್ಕೂ ರೆಪೊ ಫೈಲನ್ನು (ಸಾಫ್ಟ್‌ವೇರ್ ಎಲ್ಲಿಂದ ತರಬೇಕೆಂದು ಹೇಳುವ ಫೈಲ್) ಕೈಯಾರೆ ಬರೆಯಿರಿ. ಆಮೇಲೆ ನೆಟ್ ಇಲ್ಲದೆಯೂ ಅಭ್ಯಾಸ ನಡೆಯುತ್ತದೆ, ರೆಪೊ ಕಟ್ಟುವ ಕೆಲಸವೂ ಕೈಗೆ ಹತ್ತುತ್ತದೆ.

ಇನ್ನು ಜನ ಫೇಲಾಗುವುದು ಎಲ್ಲಿ ಎಂಬುದು. ಆಜ್ಞೆ ಗೊತ್ತಿಲ್ಲದೆ ಫೇಲಾಗುವವರಿಗಿಂತ ರೀಬೂಟ್ ಮರೆತು ಫೇಲಾಗುವವರೇ ಹೆಚ್ಚು. ನೀವು ಮಾಡಿದ್ದೆಲ್ಲ ಯಂತ್ರ ಮತ್ತೆ ಎದ್ದ ಮೇಲೂ ನಿಂತಿರಬೇಕು, ಇಲ್ಲದಿದ್ದರೆ ಅಂಕವಿಲ್ಲ. ಸರ್ವಿಸ್ ಸ್ಟಾರ್ಟ್ ಮಾಡಿ ಎನೇಬಲ್ ಮಾಡದೆ ಬಿಡುತ್ತಾರೆ. ಫೈರ್‌ವಾಲ್ ನಿಯಮಕ್ಕೆ ಪರ್ಮನೆಂಟ್ ಹಾಕುವುದಿಲ್ಲ, ಹಾಕಿದರೂ ರೀಲೋಡ್ ಮಾಡುವುದಿಲ್ಲ. ಲಿನಕ್ಸ್‌ನ ಒಳಗಿನ ಭದ್ರತಾ ಕಾವಲಾದ ಎಸ್‌ಇಲಿನಕ್ಸ್‌ನ ಬೂಲಿಯನ್‌ಗೆ (ಆನ್-ಆಫ್ ಸ್ವಿಚ್‌ಗೆ) ದೊಡ್ಡಕ್ಷರದ ಪಿ ಮರೆಯುತ್ತಾರೆ. ಸ್ಥಿರ ಐಪಿ ಕೊಟ್ಟು, ಐಪಿವಿ4 ವಿಧಾನವನ್ನು ಮ್ಯಾನುಯಲ್‌ಗೆ ಬದಲಿಸದಿದ್ದರೆ ತಾನಾಗಿ ಐಪಿ ಕೊಡುವ ಡಿಎಚ್‌ಸಿಪಿ ಹಾಗೇ ಓಡುತ್ತಿರುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಎಫ್‌ಎಸ್‌ಟ್ಯಾಬ್ ಫೈಲ್, ಯಂತ್ರ ಏಳುವಾಗ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂಬ ಪಟ್ಟಿ. ಅದರಲ್ಲಿ ಒಂದು ಅಕ್ಷರ ತಪ್ಪಿದರೆ ಯಂತ್ರ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡುತ್ತದೆ, ಸರಿಯಾಗಿ ಮಾಡಿದ್ದ ಉಳಿದ ಕೆಲಸಗಳ ಅಂಕವೂ ಅದರ ಜೊತೆಗೇ ಹೋಗುತ್ತದೆ. ಡಿಸ್ಕಿನ ಹೆಸರಿನ ಬದಲು ಯುಯುಐಡಿ (ಅದರ ವಿಶಿಷ್ಟ ಗುರುತು ಸಂಖ್ಯೆ) ಬರೆಯಿರಿ. ಬರೆದ ತಕ್ಷಣ ‘ಮೌಂಟ್ -ಎ’ ಓಡಿಸಿ, ‘ಫೈಂಡ್‌ಮೌಂಟ್’ಗೆ ವೆರಿಫೈ ಆಯ್ಕೆ ಕೊಟ್ಟು ನೋಡಿ, ಆಮೇಲೆ ರೀಬೂಟ್ ಮಾಡಿ. ಹತ್ತು ಕೆಲಸ ಒಟ್ಟಿಗೆ ಮುಗಿಸಿ ಕೊನೆಗೊಮ್ಮೆ ರೀಬೂಟ್ ಮಾಡಿದರೆ ಯಾವುದು ಕೆಡಿಸಿತೆಂದು ಹುಡುಕಲು ಸಮಯ ಉಳಿದಿರುವುದಿಲ್ಲ. ಎರಡು ಮೂರು ಕೆಲಸಕ್ಕೊಮ್ಮೆ ಮಾಡಿ. ಎಲ್‌ವಿಎಂ ಹಿಗ್ಗಿಸುವಾಗ ‘ಎಲ್‌ವಿಎಕ್ಸ್‌ಟೆಂಡ್’ಗೆ ಆರ್ ಆಯ್ಕೆ ಕೊಡಿ, ಇಲ್ಲವಾದರೆ ವಾಲ್ಯೂಮ್ ಹಿಗ್ಗಿ ಒಳಗಿನ ಫೈಲ್ ಸಿಸ್ಟಮ್ ಮೊದಲಿನಷ್ಟೇ ಉಳಿಯುತ್ತದೆ. ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಹಿಗ್ಗುತ್ತದೆ, ಕುಗ್ಗುವುದಿಲ್ಲ. ಹಾಗಾಗಿ ಅಳತೆಯನ್ನು ಎರಡು ಸಲ ಓದಿ.

ವೆಬ್ ಸರ್ವರ್ 82ನೇ ಪೋರ್ಟಿನಲ್ಲಿ ಏಳುವುದಿಲ್ಲ ಎಂದಾಗ ಎಸ್‌ಇಲಿನಕ್ಸ್ ಆಫ್ ಮಾಡಿ ಎನ್ನುವ ಯೂಟ್ಯೂಬ್ ಪಂಡಿತರ ಮಾತು ಕೇಳಬೇಡಿ. ಪರೀಕ್ಷೆಯಲ್ಲಿ ಅದು ಸೊನ್ನೆ, ಕೆಲಸದಲ್ಲಿ ಅದು ಬೇಜವಾಬ್ದಾರಿ. ‘ಸೆಮ್ಯಾನೇಜ್’ ಆಜ್ಞೆಯಿಂದ ಆ ಪೋರ್ಟ್‌ಗೆ ಎಚ್‌ಟಿಟಿಪಿ ಪೋರ್ಟಿನ ಲೇಬಲ್ ಸೇರಿಸಿ, ಸಮಸ್ಯೆ ಫೈಲುಗಳದ್ದಾದರೆ ಅವಕ್ಕೆ ಸರಿಯಾದ ಲೇಬಲ್ (ಕಾಂಟೆಕ್ಸ್ಟ್) ಬರೆದು ‘ರಿಸ್ಟೋರ್‌ಕಾನ್’ ಓಡಿಸಿ. ರೂಟ್ (ಮುಖ್ಯ ಅಡ್ಮಿನ್) ಪಾಸ್‌ವರ್ಡ್ ಮರುಹೊಂದಿಸುವಾಗಲೂ ಹೀಗೇ: ಪಾಸ್‌ವರ್ಡ್ ಬದಲಿಸಿ, ಆಟೋರೀಲೇಬಲ್ ಫೈಲ್ ಹುಟ್ಟಿಸದೆ ಹೊರಬಂದರೆ ಪಾಸ್‌ವರ್ಡ್ ಇಡುವ ಶ್ಯಾಡೋ ಫೈಲಿನ ಲೇಬಲ್ ಕೆಟ್ಟು ಹೊಸ ಪಾಸ್‌ವರ್ಡಿಗೂ ಲಾಗಿನ್ ಸಿಗುವುದಿಲ್ಲ.

ದಿನಕ್ಕೆ ಎರಡು ಗಂಟೆಯಂತೆ ನಾಲ್ಕು ತಿಂಗಳು ಕೂರಿ. ಯಂತ್ರ ಅಳಿಸಿ, ಖಾಲಿಯಿಂದ ಶುರು ಮಾಡಿ, ಟಿಪ್ಪಣಿ ನೋಡದೆ ಎಲ್ಲವನ್ನೂ ಎರಡು ಗಂಟೆಯೊಳಗೆ ಮುಗಿಸುವಂತಾದ ದಿನ ಫೀಸು ಕಟ್ಟಿ. ಅಪ್ಪ ಅಮ್ಮನ ದುಡ್ಡಿನಲ್ಲಿ ‘ಒಂದು ಸಲ ನೋಡೋಣ’ ಎಂದು ಬರೆಯುವ ಪರೀಕ್ಷೆಯಲ್ಲ ಇದು.

ಡಂಪ್ (ಸೋರಿಕೆಯಾದ ಪ್ರಶ್ನೋತ್ತರ) ಓದಿ ಪಾಸಾದವರಿದ್ದಾರಲ್ಲ? — ಚಳ್ಳಕೆರೆ

ಇದ್ದಾರೆ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದು. ಸಿಕ್ಕಿಬೀಳದಿದ್ದರೂ ಸಂದರ್ಶನದಲ್ಲಿ ಒಂದು ಪ್ರಶ್ನೆ ಸಾಕು: ಡಿಸ್ಕಿನ ಜಾಗ ತೋರಿಸುವ ‘ಡಿಎಫ್’ ಡಿಸ್ಕ್ ತುಂಬಿದೆ ಎನ್ನುತ್ತದೆ, ಫೈಲುಗಳ ಗಾತ್ರ ಕೂಡಿಸುವ ‘ಡಿಯು’ ಅರ್ಧ ಖಾಲಿ ಎನ್ನುತ್ತದೆ, ಯಾಕೆ? ಅಳಿಸಿದ ಲಾಗ್ ಫೈಲನ್ನು ಯಾವುದೋ ಪ್ರೋಸೆಸ್ ಇನ್ನೂ ತೆರೆದಿಟ್ಟುಕೊಂಡಿರುತ್ತದೆ. ತೆರೆದ ಫೈಲುಗಳನ್ನು ತೋರಿಸುವ ‘ಎಲ್‌ಎಸ್‌ಓಎಫ್’ನಲ್ಲಿ ಹುಡುಕಿ ಆ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಜಾಗ ಮರಳುತ್ತದೆ. ಇದು ಕೈಯಾರೆ ಯಂತ್ರ ಕೆಡಿಸಿ ಸರಿಮಾಡಿದವರಿಗೆ ಹೊಳೆಯುತ್ತದೆ, ಡಂಪ್ ಬಾಯಿಪಾಠ ಮಾಡಿದವರಿಗೆ ಹೊಳೆಯುವುದಿಲ್ಲ.

ಆರ್‌ಎಚ್‌ಸಿಎಸ್‌ಎ ಬಿಟ್ಟು ನೇರ ಆರ್‌ಎಚ್‌ಸಿಇ? — ಹೊಳಲ್ಕೆರೆ

ಆರ್‌ಎಚ್‌ಸಿಎಸ್‌ಎ ಇಲ್ಲದೆ ಆರ್‌ಎಚ್‌ಸಿಇ ಸರ್ಟಿಫಿಕೇಟ್ ಕೊಡುವುದಿಲ್ಲ.

ಕ್ಲೌಡ್ ಬಂದ ಮೇಲೆ ಇದೆಲ್ಲ ಯಾಕೆ, ನೇರ ಎಡಬ್ಲ್ಯುಎಸ್ (ಅಮೆಜಾನ್ ಕ್ಲೌಡ್) ಮಾಡಬಾರದೇ? — ಚಿತ್ರದುರ್ಗ

ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗುವುದೂ ಲಿನಕ್ಸ್ ಸರ್ವರೇ. ಅದು ಏಳದಿದ್ದಾಗ ಒಳಹೊಕ್ಕು ನೋಡಲು ಬರದಿದ್ದರೆ ಎಡಬ್ಲ್ಯುಎಸ್ ಸರ್ಟಿಫಿಕೇಟ್ ಏನು ಮಾಡೀತು? ಲಿನಕ್ಸ್ ಮೊದಲು.

ಕಾಲೇಜಿನ ವಿಂಡೋಸ್ ಸರ್ವರ್ ನೋಡಿಕೊಳ್ಳುತ್ತೇನೆ. ನನಗೆ ಯಾವುದು? — ಹಿರಿಯೂರು

ನಿಮಗೆ ಮೈಕ್ರೋಸಾಫ್ಟ್‌ನದೇ ಸರಿ. ಎಂಸಿಎಸ್‌ಇ ಹೋದ ಮೇಲೆ ವಿಂಡೋಸ್ ಸರ್ವರ್‌ಗೆಂದು ಬಂದದ್ದು ಎಝಡ್-800, ಎಝಡ್-801 ಎಂಬ ಜೋಡಿ ಪರೀಕ್ಷೆ. ಮೈಕ್ರೋಸಾಫ್ಟ್ ಪರೀಕ್ಷೆಗಳ ಸಂಖ್ಯೆ ಬದಲಾಗುತ್ತಲೇ ಇರುತ್ತದೆ, ಫೀಸು ಕಟ್ಟುವ ದಿನ ಅವರ ಪುಟದಲ್ಲೇ ನೋಡಿಕೊಳ್ಳಿ. ಆಕ್ಟಿವ್ ಡೈರೆಕ್ಟರಿ, ಡಿಎನ್‌ಎಸ್, ಗ್ರೂಪ್ ಪಾಲಿಸಿ ನಿಮಗೆ ದಿನದ ಕೆಲಸವಾಗಿರುವುದರಿಂದ ಅಜೂರ್ (ಮೈಕ್ರೋಸಾಫ್ಟ್ ಕ್ಲೌಡ್) ಭಾಗಕ್ಕೆ ಹೆಚ್ಚು ಸಮಯ ಕೊಡಿ.

ರೆಡ್ ಹ್ಯಾಟ್ ಪರೀಕ್ಷೆಯನ್ನು ಮನೆಯಲ್ಲೇ ಬರೆಯಬಹುದೇ? — ಜಗಳೂರು

ಬರೆಯಬಹುದು. ಯುಎಸ್‌ಬಿಯಿಂದ ಬೂಟ್ ಆಗುವ ಲ್ಯಾಪ್‌ಟಾಪ್, ತಂತಿಯಿರುವ ಹೊರಗಿನ ವೆಬ್‌ಕ್ಯಾಮ್, ಬೇರೆ ಯಾರೂ ಬಾರದ ಕೋಣೆ ಬೇಕು. ಬಯಾಸ್‌ಗೆ ಬೀಗ ಹಾಕಿದ ಕಂಪನಿ ಲ್ಯಾಪ್‌ಟಾಪ್ ಆಗುವುದಿಲ್ಲ. ಬೆಸ್ಕಾಂ ಕರೆಂಟ್ ನಂಬಿ ಡೆಸ್ಕ್‌ಟಾಪ್‌ನಲ್ಲಿ ಕೂರಬೇಡಿ, ರೌಟರ್‌ಗೂ ಯುಪಿಎಸ್ ಕೊಡಿ. ಮೂರು ಗಂಟೆ ಕರೆಂಟ್ ಇರುವ ಭರವಸೆ ಇಲ್ಲವೆಂದರೆ ಬೆಂಗಳೂರಿನ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಹಿಂದಿನ ರಾತ್ರಿಯೇ ತಲುಪಿ ಮಲಗಿ.